ಎಡಗೈ ಕಂಡದ್ದು

ಕಿರ್, ಕಿರ್ ಎಂದು ಉಗುರು ಕಬ್ಬಿಣವನ್ನು ಕೆರೆಯುವ ಸಣ್ಣ ಸದ್ದು. ಇಲಿ ಇರಬೇಕೆಂದುಕೊಂಡು ಸುಲೋಚನಾ ಸ್ವಲ್ಪ ಹೊತ್ತು ಕಣ್ಣು ಮುಚ್ಚಿಕೊಂಡೇ ಕೇಳಿದಳು. ನಡುರಾತ್ರಿ ಕಳೆದು ಬಹಳ ಹೊತ್ತಾಗಿತ್ತು. ಹಿರೇನೂರು ಜಂಕ್ಷನ್ನಿನ ರೈಲ್ವೆ ಕಾಲೊನಿಯಲ್ಲಿ ಆ ಹೊತ್ತಿಗೆ ಯಾರ್ಡಿನ ಗದ್ದಲವೂ ಅಡಗಿರುತ್ತದೆ. ಇಲಿಯಾದರೆ ನಡುನಡುವೆ ಓಡಾಡಬೇಕಿತ್ತು. ಇದು ಒಂದೇ ಜಾಗದಲ್ಲಿ, ಒಂದೇ ಲಯದಲ್ಲಿ ಕೆರೆಯುತ್ತಿತ್ತು. ಅವಳು ಎದ್ದು ದೀಪ ಹಾಕಿದಳು.

ಪಕ್ಕದಲ್ಲಿ ಗಂಡ ನೀಲಕಂಠ ಅಂಗಾತ ಮಲಗಿದ್ದ. ಬಾಯಿ ತುಸು ತೆರೆದು ಸಣ್ಣಗೆ ಗೊರಕೆ ಹೊಡೆಯುತ್ತಿದ್ದ. ಬಲಗೈ ಎದೆಯ ಮೇಲೆ ಸತ್ತಂತೆ ಬಿದ್ದಿತ್ತು. ಎಡಗೈಯ ತೋರುಬೆರಳು ಮಾತ್ರ ಮಂಚದ ಸರಳನ್ನು ಕೆರೆಯುತ್ತಿತ್ತು. ಬೆಳಕು ಬಿದ್ದೊಡನೆ ಅದು ನಿಂತಿತು. ನಿಂತು, ಮೆಲ್ಲಗೆ ಅಂಗೈ ಮೇಲೆ ಮಾಡಿ ಬಿಚ್ಚಿಕೊಂಡಿತು. ಅವನ ಎಡಗಣ್ಣು ಅರ್ಧ ತೆರೆದಿತ್ತು. ಅದು ಅವಳನ್ನೇ ನೋಡುತ್ತಿತ್ತು.

"ಏನ್ರಿ," ಎಂದಳು ಸುಲೋಚನಾ, ದನಿ ಏರಿಸದೆ. "ಎಚ್ಚರ ಅದೀರೇನು?"

ಗೊರಕೆ ನಿಲ್ಲಲಿಲ್ಲ. ಎಡಗೈ ಅವಳ ಬೆರಳುಗಳನ್ನು ಹುಡುಕಿ ಹಿಡಿದುಕೊಂಡಿತು.

ಅವಳ ಕಣ್ಣು ಗೋಡೆಯ ಗೂಡಿನ ಕಡೆಗೆ ಹೋಯಿತು. ಪಟ್ಟಿ ಅಲ್ಲೇ ಇತ್ತು, ಬಿಚ್ಚಿಟ್ಟ ಜಾಗದಲ್ಲೇ. ಪಟ್ಟಿ ಹಣೆಯ ಮೇಲಿಲ್ಲದೆಯೂ ಅವನು ಅರ್ಧ ಮಾತ್ರ ಮಲಗಿದ್ದ. ಇದರ ಅರ್ಥ ಏನೆಂದು ಆ ಊರಿನಲ್ಲಿ ಅವಳಿಗಿಂತ ಚೆನ್ನಾಗಿ ಬಲ್ಲವರು ಒಬ್ಬರೋ ಇಬ್ಬರೋ ಇದ್ದರು. ಬೆಳಗಾಗುವವರೆಗೆ ಅವಳು ಆ ಕೈಯನ್ನು ಹಿಡಿದುಕೊಂಡು ಕೂತಳು.

ಡಾಲ್ಫಿನ್ ಮಿದುಳಿನ ಒಂದು ಅರ್ಧವನ್ನು ಮಲಗಿಸಿ ಇನ್ನೊಂದರಿಂದ ಈಜುತ್ತದೆ. ಮನುಷ್ಯನೂ ಹಾಗೆ ಮಲಗುವಂತಾದರೆ? ಯಾರೋ ಕೇಳಿದ ಆ ಒಂದು ಪ್ರಶ್ನೆಯಿಂದ ಅರೆನಿದ್ದೆಯ ಪಟ್ಟಿ ಹುಟ್ಟಿತ್ತು. ಹಣೆಗೆ ಕಟ್ಟಿಕೊಂಡರೆ ಅದು ಮಿದುಳಿನ ಎಡ ಅರ್ಧವನ್ನು ಎರಡು ತಾಸು ಮಲಗಿಸುತ್ತದೆ, ಆಮೇಲೆ ಟಿಕ್ ಎಂದು ಸದ್ದು ಮಾಡಿ ಬಲ ಅರ್ಧವನ್ನು. ದೊಡ್ಡ ಸ್ಟೇಷನ್ನೋ ಕಠಿಣ ತಿರುವೋ ಬಂದಾಗ ಎರಡನ್ನೂ ಎಬ್ಬಿಸಿ ಕೂಡಿಸುತ್ತದೆ. ಮೊದಲು ಎಂಟು ಹತ್ತು ತಾಸಿಗೊಮ್ಮೆ ಎಂಜಿನ್ ಚಾಲಕರು ಬದಲಾಗುತ್ತಿದ್ದರು. ಈಗ ಹಿರೇನೂರಿನಲ್ಲಿ ಹತ್ತಿದವನೇ ಹೌರಾದಲ್ಲಿ ಇಳಿಯುತ್ತಾನೆ. ಸಹಾಯಕ ಚಾಲಕನ ಸೀಟು ಖಾಲಿಯಾಯಿತು. ಸಿಗ್ನಲ್ ಕಂಡಾಗ ಚಾಲಕ ಬೆರಳು ಮಾಡಿ "ಹಸಿರು" ಎಂದು ಕೂಗುವುದು, ಸಹಾಯಕ ತಾನೂ ನೋಡಿ "ಹಸಿರು" ಎಂದು ಮರುಕೂಗುವುದು, ಆ ಹಳೆಯ ಪದ್ಧತಿಯೂ ಹೋಯಿತು. ಕೂಗಲು ಎದುರಿಗೆ ಯಾರೂ ಇರಲಿಲ್ಲ. ಅಲ್ಲದೆ, ಎಡ ಅರ್ಧ ಮಲಗಿದ್ದಾಗ ಚಾಲಕನಿಗೆ ಮಾತೇ ಬರುತ್ತಿರಲಿಲ್ಲ. ಮಾತಾಡುವುದು, ಬಲಗೈ ಆಡಿಸುವುದು ಎಡ ಅರ್ಧದ ಕೆಲಸ. ಮುಖ ಗುರುತಿಸುವುದು, ರಾಗ ಹಿಡಿಯುವುದು, ಎಡಗೈ ಆಡಿಸುವುದು ಬಲ ಅರ್ಧದ್ದು. ಎಡಕ್ಕೆ ಕಾಣುವುದೆಲ್ಲ ಮೊದಲು ಬಲ ಅರ್ಧಕ್ಕೆ ಹೋಗುತ್ತದೆ. ಇವೆರಡರ ನಡುವಿನ ನರಗಳ ಸೇತುವೆಯ ಮೇಲಿಂದ ದಾಟಿ ಮಾತಿಗೆ ಬರುತ್ತದೆ.

ಕಾಲೊನಿಯ ಹೆಂಗಸರು ಇದಕ್ಕೂ ಒಗ್ಗಿಕೊಂಡಿದ್ದರು. ಡ್ಯೂಟಿ ಇಳಿದು ಬಂದ ಗಂಡ ಅರ್ಧ ದಿನ ಅರೆಬರೆ ಇರುತ್ತಿದ್ದ. "ನಮ್ಮವ್ರದು ಇವತ್ತ ಎಡಾ ಮಲಗೇತ್ರಿ, ಸಂತಿಗೆ ಕಳಿಸಬ್ಯಾಡ್ರಿ, ಬದನಿಕಾಯಿ ಅನ್ನಾಕ ಬಾಯಿ ಬರಂಗಿಲ್ಲ" ಎಂದು ನಳದ ಹತ್ತಿರ ನಗುತ್ತಿದ್ದರು. "ಅದ ಚಲೋ ಬಿಡವಾ, ನಮ್ಮವ್ರದು ಬಲಾ ಮಲಗೇತಿ, ಬರೇ ಮಾತು. ನನ್ನ ಮಾರಿ ನೋಡಿ, ಯಾರ್ ಬೇಕಾಗಿತ್ರೀ ಅಂತಾರ." ಮನೆಯಲ್ಲಿ ಪಟ್ಟಿ ಬಿಚ್ಚಿ ಪೂರ್ತಿ ಮಲಗಿದರೆ ಎರಡೂ ಅರ್ಧ ಕೂಡಿಕೊಂಡು ಮನುಷ್ಯ ಮತ್ತೆ ಒಬ್ಬನಾಗುತ್ತಿದ್ದ. ಹಾಗಾಗಿ ನಗು ಬರುತ್ತಿತ್ತು.

ಚಾಲಕ ದೇವೇಂದ್ರ ಮುನವಳ್ಳಿಯ ನಂತರ ಯಾರೂ ನಗಲಿಲ್ಲ. ಆತನ ಎರಡು ಅರ್ಧಗಳು ಕೂಡುವುದನ್ನೇ ಮರೆತವು. ಹಾಗಾದವನ ಕೈಗೆ ರೈಲು ಕೊಡುವಂತಿಲ್ಲವೆಂದು ಪಟ್ಟಿ ವಾಪಸ್ ಪಡೆದು ಮನೆಗೆ ಕಳಿಸಿದರು. ಪಟ್ಟಿ ಬಿಟ್ಟ ಮೇಲೆ ನಾಲ್ಕಾರು ದಿನ ಮಿದುಳು ಕಲಿತ ಪಾಠದಂತೆ ಸರದಿಯಲ್ಲಿ ಮಲಗಿತು. ಆಮೇಲೆ ಆ ಪಾಠವೂ ಮರೆಯಿತು. ಕೂಡಿ ಮಲಗುವುದಂತೂ ಮೊದಲೇ ಹೋಗಿತ್ತು. ಮುನವಳ್ಳಿ ಮತ್ತೆ ಕಣ್ಣು ಮುಚ್ಚಲಿಲ್ಲ. ಯಾವ ಗುಳಿಗೆಯೂ ನಾಟಲಿಲ್ಲ. ಅವನ ಹೆಂಡತಿ ಶಾಂತವ್ವ ಪಟ್ಟಿಯನ್ನಾದರೂ ತಿರುಗಿ ಕೊಡಿರೆಂದು ಆಫೀಸಿನ ಮೆಟ್ಟಿಲ ಮೇಲೆ ಹಗಲೆಲ್ಲ ಕೂರುತ್ತಿದ್ದಳು. ಕೆಲಸದಿಂದ ಇಳಿದವನಿಗೆ ಪಟ್ಟಿ ಕೊಡುವ ನಿಯಮವಿರಲಿಲ್ಲ. ತಿಂಗಳು ತುಂಬುವ ಮೊದಲೇ ಮುನವಳ್ಳಿ ತೀರಿಕೊಂಡ. ಅವನ ಹಿಂದೆ ಇನ್ನಿಬ್ಬರು ಹಾಗೆಯೇ ಹೋದರು.

ಬೆಳಿಗ್ಗೆ ನೀಲಕಂಠ ಬಲಗೈಯಿಂದ ಅಂಗಿಯ ಗುಂಡಿ ಹಾಕಿಕೊಂಡ. ಎಡಗೈ ಕೆಳಗಿನಿಂದ ಒಂದೊಂದೇ ಗುಂಡಿ ಬಿಚ್ಚುತ್ತ ಬಂತು.

"ಅಪ್ಪಾ, ಎಡಪ್ಪ ಕಾಕಾ ಮತ್ತ ಬಿಚ್ಚಾಕತ್ತಾನ!" ಎಂದು ಮಗಳು ಚಿನ್ಮಯಿ ಕೈತಟ್ಟಿ ನಕ್ಕಳು. ಎಂಟು ವರ್ಷದ ಹುಡುಗಿ. ಒಂದು ತಿಂಗಳಿಂದ ಆ ಕೈಗೆ ಅವಳು ಇಟ್ಟ ಹೆಸರು ಅದು.

"ಲೇ ಎಡಪ್ಪಾ, ಡ್ಯೂಟಿಗೆ ಹೊತ್ತಾತು ಬಿಡೋ," ಎಂದ ನೀಲಕಂಠ. ನಗುತ್ತಿದ್ದರೂ ಕಣ್ಣಿನಲ್ಲಿ ನಗು ಇರಲಿಲ್ಲ. "ಸುಲೂ, ಹಿಡಕೋ ಸ್ವಲ್ಪ."

ಸುಲೋಚನಾ ಬಂದು ಎಡಗೈಯನ್ನು ತನ್ನ ಎರಡೂ ಕೈಯಲ್ಲಿ ಹಿಡಿದಳು. ಹಾಗೆ ಬಿಗಿಯಾಗಿ ಹಿಡಿದರೆ ಅದು ಕೊಸರಾಡಿ, ಆಮೇಲೆ ತಣ್ಣಗಾಗುತ್ತಿತ್ತು. ಅವಳೇ ಕಂಡುಕೊಂಡ ಉಪಾಯ ಅದು. ಒಲೆ ಹಚ್ಚಿದರೆ ಆರಿಸುವ, ಓದುವಾಗ ಪುಟ ಮಗುಚುವ ಆ ಕೈಯನ್ನು ಅವಳು ದಿನಕ್ಕೆ ಹತ್ತು ಸಲ ಹಾಗೆ ಹಿಡಿದು ಸುಮ್ಮನಾಗಿಸುತ್ತಿದ್ದಳು.

"ದಣಿವು ಅಷ್ಟ," ಎಂದ ಅವನು. "ಹೌದಲ್ಲ?"

"ಹೌದ್ರಿ," ಎಂದಳು.

ಅವಳ ಕೆಲಸವೇ ನೋಡುವುದು. ಜಂಕ್ಷನ್ನಿನ ಹಿಂದೆ, ಹಳೆಯ ಉಗ್ರಾಣವೊಂದರಲ್ಲಿ, ನಿದ್ರಾ ನಿಗಾ ಕೇಂದ್ರವಿತ್ತು. ದೇಶದ ಮೂಲೆ ಮೂಲೆಯಲ್ಲಿ ಓಡುತ್ತಿರುವ ಚಾಲಕರ ಪಟ್ಟಿಗಳಿಂದ ಬರುವ ಗೆರೆಗಳು ಅಲ್ಲಿನ ಪರದೆಗಳ ಮೇಲೆ ಹರಿಯುತ್ತಿದ್ದವು. ಒಬ್ಬೊಬ್ಬರಿಗೆ ಮೂರು ಗೆರೆ: ಎಡ ಅರ್ಧಕ್ಕೆ ನೀಲಿ, ಬಲ ಅರ್ಧಕ್ಕೆ ಕೇಸರಿ, ನಡುವಿನ ಸೇತುವೆಗೆ ಬಿಳಿ. ಮನಶ್ಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿದ್ದ ಸುಲೋಚನಾ ಆ ಗೆರೆಗಳ ಮುಂದೆ ಕೂತು ನಾಲ್ಕು ವರ್ಷವಾಗಿತ್ತು. ಗಂಡನ ಗೆರೆಗಳು ಅವಳ ಮೇಜಿಗೇ ಬರುತ್ತಿದ್ದವು. ಅವನ ಬಿಳಿ ಗೆರೆ ವಾರದಿಂದ ನೆಲ ಹಿಡಿದಿದ್ದನ್ನು ಅವಳು ಯಾರಿಗೂ ಹೇಳಿರಲಿಲ್ಲ.

ಆದರೆ ಕೇಂದ್ರದ ಮುಖ್ಯಸ್ಥೆ ಡಾಕ್ಟರ್ ಪುರಾಣಿಕರು ಕುರುಡರಾಗಿರಲಿಲ್ಲ. ಅಂದು ಅವಳ ಬೆನ್ನ ಹಿಂದೆ ಬಂದು ನಿಂತರು.

"ನೀಲಕಂಠಂದು ನೋಡೀಯೇನ?"

"ನೋಡೀನ್ರಿ ಮೇಡಮ್. ಪಟ್ಟಿ ಸಡ್ಲಾಗಿರಬೇಕ್ರಿ."

"ಸಡ್ಲಾದ್ರ ಮೂರೂ ಗೆರಿ ಬೀಳ್ತಾವ. ಒಂದ ಬೀಳಂಗಿಲ್ಲ. ಇದನ್ನ ನಿನಗ ನಾ ಹೇಳಬೇಕೇನು?" ಅವರು ಕನ್ನಡಕ ತೆಗೆದು ಸೆರಗಿನಿಂದ ಒರೆಸಿದರು. "ನನಗೇನು ಖುಷಿ ಅದ ಅನ್ಕೋಬ್ಯಾಡ. ಪಟ್ಟಿ ವಾಪಸ್ ತಗೊಂಡು ವಿಶ್ರಾಂತಿಗೆ ಕಳಸಬೇಕಾಗ್ತದ."

"ಮುನವಳ್ಳಿಯವ್ರಿಗೂ ವಿಶ್ರಾಂತಿ ಅಂತನ ಹೇಳಿದ್ವಿ ಮೇಡಮ್."

ಪುರಾಣಿಕರು ಕನ್ನಡಕ ಹಾಕಿಕೊಂಡು ಪರದೆಯನ್ನೇ ನೋಡಿದರು.

ಸುಲೋಚನಾ ಕುರ್ಚಿ ತಿರುಗಿಸಿ ಎದ್ದು ನಿಂತಳು. ರಾತ್ರಿಯೆಲ್ಲ ಒರೆಗೆ ಹಚ್ಚಿ ನೋಡಿದ್ದ ಮಾತನ್ನು ಈಗ ಹೇಳಿದಳು. ಕೆಲವು ಹಳೆಯ ಚಾಲಕರು ಖಾಲಿ ಸೀಟಿನ ಎದುರೂ ಸಿಗ್ನಲ್ ಕೂಗುವ ರೂಢಿ ಬಿಟ್ಟಿಲ್ಲ. ಅವರ ಬಿಳಿ ಗೆರೆಗಳು ಇನ್ನೂ ಗಟ್ಟಿಯಾಗಿವೆ. ಕಣ್ಣಿನಿಂದ ಕಂಡದ್ದನ್ನು ಬೆರಳು ಮಾಡಿ ಬಾಯಿಂದ ಹೇಳಬೇಕಾದರೆ ಎರಡೂ ಅರ್ಧ ಕೂಡಲೇಬೇಕು. ಆ ಕೂಗೇ ಸೇತುವೆಯನ್ನು ಜೀವಂತ ಇಟ್ಟಿರಬಹುದು.

"ಒಂದು ಸಲ ಅವರ ಜೋಡಿ ಎಂಜಿನ್ನಿನೊಳಗ ಹೋಗ್ತೀನ್ರಿ. ನಾ ಮರುಕೂಗ್ತೀನಿ. ಗೆರಿ ಏಳಲಿಲ್ಲ ಅಂದ್ರ ನೀವು ಹೇಳಿದಂಗ ಮಾಡ್ರಿ."

"ಎದ್ದರ?"

"ಎದ್ದರ ಪಟ್ಟಿ ಇರಲಿ ರಿ. ಜೀವ ಇರಲಿ ರಿ."

ಪುರಾಣಿಕರು, "ಒಂದ ಸಲ," ಎಂದರು.

ಮಧ್ಯಾಹ್ನ ರೈಲು ಹೊರಟಿತು. ಸುಲೋಚನಾ ಸಹಾಯಕನ ಸೀಟಿನಲ್ಲಿ ಕೂತು ತೊಡೆಯ ಮೇಲಿನ ಸಣ್ಣ ಪರದೆಯಲ್ಲಿ ಗಂಡನ ಮೂರು ಗೆರೆ ಇಟ್ಟುಕೊಂಡಳು. ಎಂಜಿನ್ನಿನ ಬಿಸಿಗೂ ಗದ್ದಲಕ್ಕೂ ತಲೆ ಸುತ್ತುತ್ತಿತ್ತು. ಹಳಿಗಳು ಎದೆಯ ಮೇಲೇ ಬರುವಂತೆ ಓಡಿಬರುತ್ತಿದ್ದವು.

ಮೊದಲ ಸರದಿಯಲ್ಲಿ ಅವನ ಬಲ ಅರ್ಧ ಮಲಗಿತ್ತು. ಅವನು ಅವಳತ್ತ ಒಮ್ಮೆ ತಿರುಗಿ, "ಮೇಡಮ್, ಬೆಲ್ಟ್ ಹಾಕ್ಕೋರಿ," ಎಂದ.

"ನಾ ರೀ."

"ಓ, ಸುಲೂ. ದನಿ ಮ್ಯಾಲ ಗೊತ್ತಾತು." ಅವನ ಮಾತಿನಲ್ಲಿ ಏರಿಳಿತವೇ ಇರಲಿಲ್ಲ. "ಮುಂದಿನ ಸ್ಟೇಷನ್ ತಳಕೇರಿ. ಗಾಡಿ ಟೈಮಿಗೆ ಐತಿ. ನೀರು ಕುಡೀತೀಯೇನು?"

ಹನ್ನೊಂದು ವರ್ಷ ಸಂಸಾರ ಮಾಡಿದ ಮುಖ ಅವನಿಗೆ ಅಪರಿಚಿತವಾಗಿತ್ತು. ಅವಳು ನೀರು ಬೇಡವೆಂದಳು. ಸಿಗ್ನಲ್ ಕಂಡಾಗ ಕೂಗುವಂತೆ ಹೇಳಿದಳು. ಅವನು ಹೇಳಿದಂತೆ ಕೂಗಿದ, ಅವಳು ಮರುಕೂಗಿದಳು. ಬಿಳಿ ಗೆರೆ ಅಲುಗಲಿಲ್ಲ.

ಟಿಕ್. ಅವನ ಮಾತು ನಿಂತುಹೋಯಿತು. ಈಗ ಎಡ ಅರ್ಧದ ಸರದಿ ಮಲಗಲು. ಅವನು ತಿರುಗಿ ಅವಳನ್ನು ನೋಡಿದ. ಕಣ್ಣುಗಳು ತುಂಬಿ ಬಂದವು. ಮದುವೆಯಾದ ಹೊಸದರಲ್ಲಿ ನೋಡುತ್ತಿದ್ದ ನೋಟ ಅದು. ಎಡಗೈ ಚಾಚಿ ಅವಳ ಮೊಣಕೈಯನ್ನು ಮುಟ್ಟಿ ತಿರುಗಿ ಎಂಜಿನ್ನಿನ ಹಿಡಿಗೆ ಹೋಯಿತು. ತಾಯಿಯಿಂದ ಕಲಿತಿದ್ದ ಬೀಸುಕಲ್ಲಿನ ಹಾಡೊಂದರ ರಾಗವನ್ನು ಗುನುಗುತ್ತ, ಪದಗಳಿಲ್ಲದೆ, ಅವನು ಎರಡು ತಾಸು ರೈಲು ಓಡಿಸಿದ. ಒಂದು ತಪ್ಪೂ ಆಗಲಿಲ್ಲ. "ಹಸಿರು ಅನ್ರಿ, ಒಂದ ಸಲ ಅನ್ರಿ," ಎಂದು ಅವಳು ಪ್ರತಿ ಸಿಗ್ನಲ್ಲಿಗೂ ಗೋಗರೆದಳು. ತುಟಿ ಅಲುಗುತ್ತಿತ್ತು, ಪದ ಬರುತ್ತಿರಲಿಲ್ಲ. ಒಬ್ಬನಿಗೆ ಅವಳ ಹೆಸರು ಗೊತ್ತು, ಮುಖ ಗೊತ್ತಿಲ್ಲ. ಇನ್ನೊಬ್ಬನಿಗೆ ಮುಖ ಗೊತ್ತು, ಹೆಸರು ಬರುವುದಿಲ್ಲ. ಅವನು ಬದುಕಿರುವಾಗಲೇ ಅವಳು ಇಬ್ಬರಿಗೂ ವಿಧವೆಯಾದ ಹಾಗಿತ್ತು.

ಹೊತ್ತು ಮುಳುಗಿ ಕತ್ತಲು ಇಳಿಯುವಾಗ ಕರಡಿಗುಡ್ಡದ ತಿರುವು ಹತ್ತಿರ ಬಂತು. ಗುಡ್ಡ ಕಡಿದು ಹಳಿ ಹಾಕಿದ ಜಾಗ. ಹಳಿ ಎಡಕ್ಕೆ ಬಾಗಿ ಮರೆಯಾಗುತ್ತದೆ, ಸಿಗ್ನಲ್ ಮಾತ್ರ ತುಸು ಬಲಕ್ಕೆ, ಎತ್ತರದಲ್ಲಿ, ದೂರದಿಂದಲೇ ಕಾಣುತ್ತದೆ. ಪಟ್ಟಿ ಎರಡು ಸಲ ಟಿಕ್ ಎಂದಿತು. ಎರಡೂ ಅರ್ಧ ಎದ್ದವು. ನೀಲಿ ಮತ್ತು ಕೇಸರಿ ಗೆರೆಗಳು ಒಟ್ಟಿಗೆ ಮೇಲೆ ಬಂದವು. ಬಿಳಿ ಮಲಗಿಯೇ ಇತ್ತು.

"ಕೂಗ್ರಿ," ಎಂದಳು ಸುಲೋಚನಾ. ಇದು ಹೋದರೆ ಎರಡೂ ಅರ್ಧ ಏಳುವ ಮುಂದಿನ ಜಾಗ ನಾಳೆ ಬೆಳಿಗ್ಗೆ. ಅಷ್ಟರಲ್ಲಿ ಪುರಾಣಿಕರ ಮೇಜಿಗೆ ಎಲ್ಲ ಗೆರೆಗಳೂ ಹೋಗಿರುತ್ತವೆ. "ದೇವರಾಣಿ, ಮನಸಿಟ್ಟು ಕೂಗ್ರಿ."

ನೀಲಕಂಠ ಬಲಗೈಯ ಬೆರಳು ಚಾಚಿದ. "ಹಸಿರು!"

ಅವಳು ಸಿಗ್ನಲ್ಲನ್ನೇ ದಿಟ್ಟಿಸಿದಳು. ಹಸಿರೇ ಇತ್ತು. "ಹಸಿರು!"

ತೊಡೆಯ ಮೇಲೆ ಬಿಳಿ ಗೆರೆ ನಡುಗಿತು. ಅದು ಒಂದು ಎಳೆಯಷ್ಟು ಎದ್ದಿತು, ಮತ್ತೂ ಎದ್ದಿತು. ಪದ್ಧತಿಯಂತೆ ಅವನು ಎರಡನೆಯ ಸಲ ಕೂಗಿದ, "ಹಸಿರು!" ದನಿಯಲ್ಲಿ ಏರಿಳಿತ ಬಂದಿತ್ತು. ಅವಳೂ ಕೂಗಿದಳು, ನಗುತ್ತ, ಅಳುತ್ತ. ಗೆರೆ ಮೇಲೇರುತ್ತಲೇ ಇತ್ತು.

ಆಗ ಎಡಗೈ ಬ್ರೇಕಿನ ಹಿಡಿಗೆ ಹೋಯಿತು.

"ಏ ಎಡಪ್ಪಾ, ಬಿಡೋ!" ಎಂದ ನೀಲಕಂಠ. ಎಡಗೈ ಹಿಡಿಯನ್ನು ಎಳೆಯಿತು. ಗಾಳಿ ಬುಸ್ಸೆಂದಿತು. ಬಲಗೈ ಅದನ್ನು ತಿರುಗಿ ತಳ್ಳಿತು. ಎಡಗೈ ಮತ್ತೆ ಎಳೆಯಿತು. ಒಬ್ಬನೇ ಮನುಷ್ಯನ ಎರಡು ಕೈಗಳು ಒಂದು ಹಿಡಿಗಾಗಿ ಗುದ್ದಾಡುತ್ತಿದ್ದವು. "ಸುಲೂ, ಹಿಡಕೋ ಇದನ್ನ! ಹಸಿರೈತಿ, ಯಾಕ ಎಳೀತೈತಿ ಇದು!"

ಈಗ ಕೆಡಬಾರದು ಎಂಬುದೊಂದೇ ಅವಳ ತಲೆಯಲ್ಲಿತ್ತು. ಗೆರೆ ಈಗ ತಾನೇ ಎದ್ದಿದೆ. ಅವಳು ಸೀಟಿನಿಂದ ಜಿಗಿದು, ಅವನ ಹಿಂದಿನಿಂದ ಬಾಗಿ, ಮನೆಯಲ್ಲಿ ಹಿಡಿಯುವಂತೆ ಎರಡೂ ಕೈಯಿಂದ ಆ ಎಡಗೈಯನ್ನು ಹಿಡಿದು ಎದೆಗೆ ಒತ್ತಿಕೊಂಡಳು. ಅದು ಎಂದೂ ಕೊಸರಿಕೊಳ್ಳದಷ್ಟು ಕೊಸರಿಕೊಂಡಿತು. ಉಗುರು ಅವಳ ಅಂಗೈಯನ್ನು ಸೀಳಿತು. ನೀಲಕಂಠನ ಬಾಯಿ "ಹಸಿ" ಎಂದು ತೆರೆದು ಅಲ್ಲೇ ಸಿಕ್ಕಿಕೊಂಡಿತು, "ಕೆಂ... ಕೆಂ..." ಎಂದು ಬೇರೆ ಯಾವುದನ್ನೋ ಹುಡುಕಿತು. ಬಾಗಿದವಳ ಕಣ್ಣಂಚಿಗೆ, ಗಾಜಿನ ಎಡ ಮೂಲೆಯಲ್ಲಿ, ಒಂದು ಕೆಂಪು ಚುಕ್ಕೆ ಅತ್ತಿಂದಿತ್ತ ಆಡಿದಂತೆ ಕಂಡಿತು. ಎದುರಿನ ಫಲಕದ ದೀಪ ಗಾಜಿನಲ್ಲಿ ಹೊಳೆಯುತ್ತಿರಬೇಕು ಎಂದುಕೊಂಡಳು. ಹಾಗೆ ಅಂದುಕೊಳ್ಳಲು ಅವಳಿಗೆ ಬೇಕಾಗಿತ್ತು. ಹಿಡಿತ ಬಿಗಿ ಮಾಡಿದಳು.

ಕೈ ತಣ್ಣಗಾಯಿತು. ರೈಲು ತಿರುವು ಹೊಕ್ಕಿತು. ಬೆಳಕು ಹಳಿಯ ಮೇಲೆ ತಿರುಗಿ ಬಿದ್ದಾಗ ಅಲ್ಲೊಂದು ಟ್ರಾಲಿ ನಿಂತಿತ್ತು, ಹಳಿ ಕೆಲಸದವರು ತಳ್ಳಿಕೊಂಡು ಹೋಗುವ ನಾಲ್ಕು ಗಾಲಿಯ ಹಲಗೆಬಂಡಿ. ಒಬ್ಬ ಅದನ್ನು ಎತ್ತಲು ಹೆಣಗುತ್ತಿದ್ದ. ಇನ್ನೊಬ್ಬ ಕಂದೀಲು ಬಿಸಾಕಿ ಓಡಿಬಂದು ಅವನನ್ನು ಹಳಿಯಾಚೆ ನೂಕಿದ. ನೂಕಿದವನು ಹೊರಗೆ ಬರಲಿಲ್ಲ.

ರೈಲು ನಿಲ್ಲುವ ಹೊತ್ತಿಗೆ ಬಿಳಿ ಗೆರೆ ನೆಲಕ್ಕಿಳಿದಿತ್ತು.

ಸತ್ತವನು ಬಸವಂತಪ್ಪನೆಂಬ ಗ್ಯಾಂಗ್‌ಮನ್. ಉಳಿದವನು ಅವನ ಜೊತೆಗಾರ ಮೌಲಾಸಾಬ. ಗಾಲಿ ಸಿಕ್ಕಿಕೊಂಡಿತ್ತು, ಬಸವಂತಪ್ಪ ಕೆಂಪು ದೀಪ ಹಿಡಿದು ತುಸು ಮುಂದೆ ಓಡಿ ಎಡಗಡೆ ನಿಂತು ಬೀಸಿದ, ಗಾಡಿ ನಿಧಾನವಾದಂತೆ ಮಾಡಿ ಮತ್ತೆ ಅದೇ ವೇಗದಲ್ಲಿ ಬಂತು ಎಂದು ಮೌಲಾಸಾಬ ಹೇಳುತ್ತಲೇ ಇದ್ದ. ಕಂದೀಲು ಪುಡಿಯಾಗಿ ಸಿಕ್ಕಿತು. ಉರಿಯುತ್ತಿತ್ತೋ ಇಲ್ಲವೋ ಎಂದು ಅದರಿಂದ ಹೇಳಲು ಬರುತ್ತಿರಲಿಲ್ಲ.

ವಿಚಾರಣೆ ನಿಗಾ ಕೇಂದ್ರದಲ್ಲೇ ನಡೆಯಿತು. ಮೇಜಿನ ಒಂದು ಕಡೆ ಸುರಕ್ಷತಾ ಅಧಿಕಾರಿ ಮತ್ತು ಪುರಾಣಿಕರು, ಇನ್ನೊಂದು ಕಡೆ ನೀಲಕಂಠ, ಅವನ ಎಡಕ್ಕೆ ಸುಲೋಚನಾ, ಬಾಗಿಲ ಹತ್ತಿರ ಸ್ಟೂಲಿನ ಮೇಲೆ ಮೌಲಾಸಾಬ.

"ದೀಪ ಕಾಣಿಸಿತೇ?" ಎಂದು ಅಧಿಕಾರಿ ಕೇಳಿದರು.

"ಇಲ್ರಿ ಸರ. ಸಿಗ್ನಲ್ ಹಸಿರಿತ್ತು. ದೀಪಾ ಗೀಪಾ ಏನೂ ಇರಲಿಲ್ಲ." ನೀಲಕಂಠ ಸುಳ್ಳು ಹೇಳುತ್ತಿರಲಿಲ್ಲ. ಮಾತಾಡುವ ಅರ್ಧಕ್ಕೆ ದೀಪ ದಾಟಿ ಬಂದಿರಲಿಲ್ಲ.

"ಬ್ರೇಕು ಎರಡು ಸಲ ಎಳೆದು ಬಿಟ್ಟ ಹಾಗಿದೆಯಲ್ಲ?"

"ಎಡಗೈ ಅದುರ್ತೈತ್ರಿ ಒಮ್ಮೊಮ್ಮೆ."

ಅಷ್ಟರಲ್ಲಿ ಮೇಜಿನ ಮೇಲಿದ್ದ ಎಡಗೈ ಎದ್ದಿತು. ಮುಷ್ಟಿ ಕಟ್ಟಿ, ಏನನ್ನೋ ತೂಗುಹಾಕಿ ಹಿಡಿದಂತೆ, ಎಡಕ್ಕೂ ಬಲಕ್ಕೂ ನಿಧಾನವಾಗಿ ಬೀಸತೊಡಗಿತು. ನೀಲಕಂಠ ಅದನ್ನು ನೋಡಿ ನಾಚಿಕೆಯಿಂದ ನಕ್ಕ. ಮೌಲಾಸಾಬ ಸ್ಟೂಲಿನಿಂದ ಎದ್ದು ನಿಂತ. ಸುಲೋಚನಾಳ ಕೈ ತಾನಾಗಿಯೇ ಹೋಗಿ ಆ ಮುಷ್ಟಿಯನ್ನು ಮೇಜಿಗೆ ಒತ್ತಿಹಿಡಿಯಿತು. ಅವಳ ಅಂಗೈಯ ಗಾಯ ಇನ್ನೂ ಮಾಯ್ದಿರಲಿಲ್ಲ.

"ಅಕ್ಕಾರ, ಆ ಕೈ ಬಿಡ್ರಿ," ಎಂದ ಮೌಲಾಸಾಬ. "ಅದೇನೋ ಹೇಳಾಕತ್ತೈತ್ರಿ."

ಎಲ್ಲರೂ ಅವಳ ಕಡೆ ನೋಡಿದರು.

"ದಣಿವಾದಾಗ ಹಿಂಗ ಆಗ್ತೈತಿ ಅವ್ರಿಗೆ," ಎಂದಳು ಸುಲೋಚನಾ.

"ನೀವು ಪಕ್ಕದಲ್ಲೇ ಇದ್ದಿರಿ. ನಿಮಗೆ ದೀಪ ಕಾಣಿಸಿತೇ?"

"ಸಿಗ್ನಲ್ ನೋಡ್ತಿದ್ದೆ ಸರ್. ಹಸಿರಿತ್ತು." ಒಂದೊಂದು ಪದವೂ ನಿಜವಾಗಿತ್ತು. ಅಂಥ ಪದಗಳನ್ನೇ ಅವಳು ಹುಡುಕಿ ತಂದಿದ್ದಳು.

ಅಧಿಕಾರಿ ಎದ್ದರು. ದೀಪವಿಲ್ಲದೆ, ಸ್ಟೇಷನ್ನಿಗೆ ತಿಳಿಸದೆ ಟ್ರಾಲಿಯನ್ನು ಹಳಿಯ ಮೇಲಿಟ್ಟಿದ್ದೇ ಕಾರಣ, ತಪ್ಪು ಸತ್ತವನದು. ಅಲ್ಲಿಗೆ ಮುಗಿಯಿತು.

ಎಲ್ಲರೂ ಹೋದ ಮೇಲೆ ಪುರಾಣಿಕರು ಸುಲೋಚನಾಳನ್ನು ಪರದೆಯ ಮುಂದೆ ಕರೆದರು. "ಇಲ್ಲಿ ನೋಡು," ಎಂದರು. ಅವರ ದನಿಯಲ್ಲಿ ಬಹಳ ದಿನಗಳ ಮೇಲೆ ಸಂತೋಷವಿತ್ತು. ಕರಡಿಗುಡ್ಡದ ತಿರುವಿನ ಹೊತ್ತಿನ ಬಿಳಿ ಗೆರೆ ಗೋಪುರದಂತೆ ಎದ್ದು ನಿಂತಿತ್ತು. "ಇಷ್ಟು ಎತ್ತರ ಯಾರದೂ ಹೋಗಿಲ್ಲ. ಆಮೇಲೆ ಬಿದ್ದದ್ದು ಆಘಾತಕ್ಕ ಇರಬೇಕು. ಸೇತುವೆ ಸತ್ತಿಲ್ಲ ಸುಲೋಚನಾ. ನೀ ಹೇಳಿದ್ದು ಖರೆ, ಕೂಗಿನಿಂದ ಎದ್ದದ. ಪಟ್ಟಿ ಅವನ ಹಂತೇಕನ ಇರ್ಲಿ. ಎಲ್ಲಾ ಚಾಲಕರಿಗೂ ಮತ್ತ ಕೂಗು ಶುರು ಮಾಡಸೋಣು."

ಗೆರೆ ಕೂಗಿನಿಂದ ಅಷ್ಟು ಎದ್ದಿರಲಿಲ್ಲ. ಕೂಗು ಅದನ್ನು ಒಂದು ಎಳೆಯಷ್ಟು ಎತ್ತಿತ್ತು. ಉಳಿದದ್ದೆಲ್ಲ ಕೆಂಪು ದೀಪ. ಎಡಕ್ಕೆ ಅದನ್ನು ಕಂಡ ಮೂಕ ಅರ್ಧ, ಮುರಿದ ಸೇತುವೆಯ ಮೇಲೆ ತನ್ನ ಎಲ್ಲ ಶಕ್ತಿಯನ್ನೂ ಹಾಕಿ ಮಾತಾಡುವ ಅರ್ಧದ ಬಾಗಿಲು ಬಡಿದಿತ್ತು. ಒಂದು ಅಕ್ಷರ ದಾಟಿಯೂ ಇತ್ತು. ಅದೇ ಕ್ಷಣ ಅವಳು ಕೈ ಹಿಡಿದಳು. ಗೋಪುರದ ತುದಿಯಲ್ಲಿ ಗೆರೆ ಕಡಿದಂತೆ ಬಿದ್ದಿದ್ದು ಡಿಕ್ಕಿಯಾದಾಗಲ್ಲ, ಅದಕ್ಕೂ ಮೊದಲೇ. ಗಡಿಯಾರದ ಜೊತೆ ಹೊಂದಿಸಿ ನೋಡಿದರೆ ಯಾರಿಗಾದರೂ ತಿಳಿಯುತ್ತಿತ್ತು. ಹೊಂದಿಸಿ ನೋಡುವ ಕೆಲಸ ಅವಳದೇ ಆಗಿತ್ತು.

"ಆಗಲಿ ರಿ ಮೇಡಮ್," ಎಂದಳು.

ಕಾಲೊನಿಯ ಗೇಟಿನ ಹತ್ತಿರ ಮೌಲಾಸಾಬ ಕಾಯುತ್ತಿದ್ದ. ತಲೆಯ ಟೋಪಿ ಕೈಯಲ್ಲಿತ್ತು. ಅವಳು ದಾಟಿಹೋಗಲು ನೋಡಿದಳು; ಅವನು ಎದುರು ಬಂದ.

"ಅಕ್ಕಾರ, ನಾ ಜಗಳಾ ಮಾಡಾಕ ಬಂದಿಲ್ರಿ. ವಿಚಾರಣಿ ಮುಗೀತು, ಆತು, ಬಡವರ್ ಮಾತು ಯಾರ್ ಕೇಳ್ತಾರ. ಒಂದ ಕೇಳ್ತೀನಿ." ಅವನು ಗಂಟಲು ಸರಿ ಮಾಡಿಕೊಂಡ. "ಬಸವಂತಪ್ಪನ ಹೇಂತಿ ನೀಲವ್ವ ನನ್ನ ನಂಬವಲ್ಲಳ್ರಿ. ನೀ ದೋಸ್ತ ಅಂತ ಹೇಳ್ತೀ, ದೊಡ್ಡ ಸಾಹೇಬ್ರು ದೀಪಾನ ಇರಲಿಲ್ಲ ಅಂದಾರ ಅಂತಾಳ. ಖರೇನ ದೀಪಾ ಹಚ್ಚೂದು ಮರತು ಸತ್ತನೇನು ಅಂತ ಮುಂಜಾನಿಂದ ಸಂಜಿತನಾ ಅದನ್ನ ಕೇಳ್ತಾಳ. ನೀವು ಕಂಡೀರಿ. ನಿಮ್ಮ ಮಾರಿ ಹೇಳ್ತೈತಿ. ಯಾರ ಮುಂದೂ ಬಾಯಿ ಬಿಡಂಗಿಲ್ರಿ, ಅಲ್ಲಾನ ಆಣಿ. ಆಕಿ ಕಿವಿಯಾಗ ಅಷ್ಟ ಹೇಳ್ತೀನಿ. ದೀಪಾ ಉರೀತಿತ್ತಲ್ರಿ?"

ಸುಲೋಚನಾ ಅವನ ಮುಖ ನೋಡಿದಳು. ಇವನೊಬ್ಬನಿಗೆ ಹೇಳಬಹುದು, ಎನ್ನಿಸಿತು. ಹೌದು ಎಂದರೆ ಸಾಕು. ಇವನು ಆಣೆ ಮುರಿಯುವವನಲ್ಲ. ಆದರೆ ನೀಲವ್ವ ಎದೆಯಲ್ಲಿ ಇಟ್ಟುಕೊಳ್ಳುತ್ತಾಳೆಯೇ? ಗಂಡನ ಹೆಸರಿಗೆ ಹತ್ತಿದ ಮಸಿ ತೊಳೆಯುವ ಮಾತು ಸಿಕ್ಕ ಮೇಲೆ ಯಾವ ಹೆಂಗಸು ಸುಮ್ಮನಿದ್ದಾಳು? ಅವಳೂ ಶಾಂತವ್ವನಂತೆ ಆ ಮೆಟ್ಟಿಲ ಮೇಲೆ ಬಂದು ಕೂರುತ್ತಾಳೆ. ಆಗ ಯಾರೋ ಗೆರೆಯನ್ನೂ ಗಡಿಯಾರವನ್ನೂ ಪಕ್ಕಪಕ್ಕ ಇಟ್ಟು ನೋಡುತ್ತಾರೆ. ನೀಲಕಂಠನ ಹಣೆಯಿಂದ ಪಟ್ಟಿ ಇಳಿಯುತ್ತದೆ. ಮುನವಳ್ಳಿಯ ತೆರೆದ ಕಣ್ಣುಗಳು ಅವಳಿಗೆ ನೆನಪಿದ್ದವು. ಕೊನೆಕೊನೆಗೆ ಆತ ನಿದ್ದೆಯ ಹೆಸರೆತ್ತಿದರೆ ಮಗುವಿನಂತೆ ಬಿಕ್ಕುತ್ತಿದ್ದ.

ಹೇಳದಿದ್ದರೆ ಗುರುವಾರ ನೀಲಕಂಠ ಮತ್ತೆ ಹೌರಾ ರೈಲು ಹತ್ತುತ್ತಾನೆ. ಅವನ ಹಿಂದೆ ಇಪ್ಪತ್ತು ಡಬ್ಬಿಗಳಲ್ಲಿ ಜನ ಬುತ್ತಿ ಬಿಚ್ಚಿ ಉಣ್ಣುತ್ತಾರೆ, ಮಕ್ಕಳನ್ನು ತಟ್ಟಿ ಮಲಗಿಸುತ್ತಾರೆ. ಅವನ ಹಾಗೆಯೇ ಇನ್ನೆಷ್ಟೋ ಚಾಲಕರು ಖಾಲಿ ಸೀಟಿಗೆ ಹಸಿರು, ಹಸಿರು ಎಂದು ಕೂಗುತ್ತ ಹೋಗುತ್ತಾರೆ, ಎಡಕ್ಕೆ ಕಂಡದ್ದನ್ನು ಹೇಳಲು ಬಾರದೆ.

"ನನಗೇನೂ ಕಾಣಲಿಲ್ಲಪ್ಪಾ," ಎಂದಳು.

ಮೌಲಾಸಾಬ ತಲೆಯಾಡಿಸಿದ. ಟೋಪಿ ತಲೆಗೆ ಇಟ್ಟುಕೊಂಡು, "ಆತ್ರಿ," ಎಂದು ಹೊರಟ. ಸ್ವಲ್ಪ ದೂರ ಹೋಗಿ ನಿಂತು, ತಿರುಗಿ ನೋಡದೆ ಮತ್ತೆ ನಡೆದ.

ಅವನು ಮರೆಯಾಗುವವರೆಗೆ ಅವಳು ಗೇಟಿನ ಸರಳು ಹಿಡಿದು ನಿಂತಿದ್ದಳು. ಕೂಗಿ ಕರೆಯಲು ಇನ್ನೂ ಸಮಯವಿತ್ತು. ಕರೆಯಲಿಲ್ಲ. ಪುರಾಣಿಕರಿಗೆ ಇಲ್ಲ, ನೀಲವ್ವನಿಗೆ ಇಲ್ಲ, ಹೆತ್ತ ತಾಯಿಗೂ ಇಲ್ಲ. ಮನೆಯಲ್ಲಿ ಕಾಯುತ್ತಿರುವ, ಮಾತಾಡಬಲ್ಲ ಆ ನೀಲಕಂಠನಿಗೂ ಇಲ್ಲ; ತನ್ನ ಕಣ್ಣೇ ಕಂಡದ್ದು ಅವನಿಗೆ ತಿಳಿದರೆ ಅವನು ಆ ಎಂಜಿನ್ನಿನ ಮೆಟ್ಟಿಲು ಮತ್ತೆ ಹತ್ತಲಾರ. ಯಾರಿಗೂ ಹೇಳುವುದಿಲ್ಲ, ಸಾಯುವವರೆಗೂ, ಎಂದು ಅವಳು ಆಗಲೇ, ಆ ಗೇಟಿನಲ್ಲೇ ನಿಶ್ಚಯಿಸಿದಳು. ಗಂಡನ ಇನ್ನೊಂದು ಅರ್ಧಕ್ಕೆ ಹೇಳುವ ಅಗತ್ಯವೇ ಇರಲಿಲ್ಲ.

ಬಾಗಿಲಲ್ಲಿ ನೀಲಕಂಠ ನಿಂತಿದ್ದ. "ಮೇಡಮ್ ಏನಂದ್ರು?" ಎಂದ.

"ಪಟ್ಟಿ ಇರ್ಲಿ ಅಂದ್ರು," ಎಂದು ಸುಲೋಚನಾ, ಚಪ್ಪಲಿ ಬಿಟ್ಟು, ಅವನ ಬಲಗಡೆಯಿಂದ ಒಳಗೆ ಹೋದಳು.